ಭೀಮನ ಕಾಲಿನ ರಾಖಿ

ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಬರುವುದು ಎರಡೇ ಸುದ್ದಿ. ನೀರು ಎಷ್ಟೊತ್ತಿಗೆ ಬಿಡುತ್ತಾರೆ, ಯಾರ ಸ್ಕೂಟರ್ ಗೇಟಿಗೆ ಅಡ್ಡ ನಿಂತಿದೆ. ಹೋದ ವರ್ಷದ ರಾಖಿ ಹಬ್ಬದ ದಿನ ಮಾತ್ರ ಎರಡನೇ ಮಹಡಿಯ ಸರಸ್ವತಿ ಒಂದು ಫೋಟೋ ಹಾಕಿದರು. ಅರ್ಧ ಗಂಟೆಯಲ್ಲಿ ಇಡೀ ಬಿಲ್ಡಿಂಗಿನವರು ಹಾರ್ಟು ಒತ್ತಿದರು.

ಫೋಟೋದಲ್ಲಿ ಅವರ ನಾಯಿ ಭೀಮ ಕೂತಿದ್ದಾನೆ. ಹಣೆಗೆ ಕುಂಕುಮ, ಮುಂಗಾಲಿಗೆ ಎರಡು ರಾಖಿ. ಎದುರಿಗೆ ಆರತಿ ತಟ್ಟೆ. ತಟ್ಟೆಯಲ್ಲಿ ಎರಡು ಗಿನಿ ಪಿಗ್. ಮೊಲದ ಮರಿಯ ಹಾಗಿರುವ, ಬಾಲವಿಲ್ಲದ ಮೆತ್ತನೆಯ ಜೀವಗಳು. ಒಂದರ ಹೆಸರು ಕಡಲೆ, ಇನ್ನೊಂದರದು ಬೆಲ್ಲ. ಕೆಳಗೆ ಸರಸ್ವತಿ ಬರೆದಿದ್ದರು: ‘ತಂಗಿಯರಿಂದ ಅಣ್ಣನಿಗೆ.’

ನಾನು ವಿನೋದಿನಿ. ಧಾರವಾಡದ ಕಡೆಯವಳು. ಚೆಂಬೂರಿನಲ್ಲಿ ಪ್ರಾಣಿಗಳ ದವಾಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಡಾಕ್ಟರಮ್ಮನ ಕೈಕೆಳಗೆ ಕೆಲಸ ಮಾಡುತ್ತೇನೆ. ಎಲ್ಲರೂ ಹಾರ್ಟು ಒತ್ತಿದರು, ನಾನು ಮಾತ್ರ ಒತ್ತಲಿಲ್ಲ. ಒಲೆ ಆರಿಸಿ ಮೇಲಕ್ಕೆ ಓಡಿದೆ.

“ಅಕ್ಕಾರ, ಆ ಫೋಟೋ ಇನ್ನೊಮ್ಮೆ ನೋಡ್ರಿ,” ಅಂದೆ.

“ಚೆನ್ನಾಗಿದೆ ಅಲ್ವಾ? ಎಷ್ಟು ಶಾಂತವಾಗಿ ಕೂತಿದ್ದ ನಮ್ಮ ಭೀಮ! ಅಲ್ಲಾಡಲೂ ಇಲ್ಲ.”

“ಅದಕ್ಕ ಅಂಜಿಕಿ ನನಗ. ಬಾಯಿ ಮುಚ್ಚ್ಯಾನ. ಕಿವಿ ಮುಂದ ಬಂದಾವ. ಕಣ್ಣು ತಟ್ಟಿಯಾಗಿನ ಇವನ್ನ ಬಿಟ್ಟು ಕದಲವಲ್ವು. ಶಾಂತ ಕೂತದ್ದಲ್ರಿ ಅದು, ಹೊಂಚು ಹಾಕಿದ್ದು. ಇವೆರಡೂ ಹೆದರಿ ಕಲ್ಲಾಗ್ಯಾವ.”

ಸರಸ್ವತಿ ನಕ್ಕುಬಿಟ್ಟರು. “ಹೋಗ್ರೀ ವಿನೋದಿನಿ! ದವಾಖಾನೆಲಿ ಕೂತು ಕೂತು ನಿಮಗೆ ಎಲ್ಲ ಕಡೆ ಗಾಯನೇ ಕಾಣುತ್ತೆ. ಭೀಮ ಹಾಲಿನವನಿಗೂ ಬೊಗಳಲ್ಲ. ಅದೂ ಅಲ್ದೆ ರಾಖಿ ಕಟ್ಟಿಸ್ಕೊಂಡಿದ್ದಾನೆ, ಅಣ್ಣ ಆಗಿಬಿಟ್ಟ. ತಿನ್ನಿ, ಪೇಡಾ ತಿನ್ನಿ.”

ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅವರ ಮಗಳು ಧಾತ್ರಿ ಒಬ್ಬಳೇ, ಹತ್ತು ವರ್ಷ. ಮೈಸೂರಿನಲ್ಲಿದ್ದಾಗ ಆ ಮನೆಯಲ್ಲಿ ರಾಖಿಯೇ ಇರಲಿಲ್ಲ. ಮುಂಬೈಗೆ ಬಂದ ಮೇಲೆ ಕ್ಲಾಸಿನ ಹುಡುಗಿಯರೆಲ್ಲ ಕಟ್ಟುವುದನ್ನು ನೋಡಿ ಮಗು ಅತ್ತಿತ್ತು. ಆಗ ಅಪ್ಪ ಹಿರಿಯಣ್ಣ, ಸ್ಟೇಷನ್ ಹತ್ತಿರ ಸಿಕ್ಕಿದ್ದ ಮರಿ ಭೀಮನನ್ನು ಮುಂದೆ ಕೂರಿಸಿ, “ತಗೋ, ಇವನೇ ನಿನ್ನ ಅಣ್ಣ” ಅಂದಿದ್ದರು. ಮೂರು ವರ್ಷದಿಂದ ಅವಳು ಕಟ್ಟುತ್ತಿದ್ದಳು. ಆ ಸಲ ಪುಣೆಗೆ ವರ್ಗವಾಗಿ ಹೋದ ಗೆಳತಿಯ ಮನೆಯವರು ಕಡಲೆ, ಬೆಲ್ಲರನ್ನು ಕೊಟ್ಟು ಹೋಗಿದ್ದರು. ಅವುಗಳ ಪರವಾಗಿಯೂ ಧಾತ್ರಿಯೇ ಇನ್ನೊಂದು ರಾಖಿ ಕಟ್ಟಿದ್ದಳು.

ಮೂರನೇ ದಿನ ಸಂಜೆ ಐದೂವರೆ. ಸರಸ್ವತಿ ಕೊತ್ತಂಬರಿ ತೆಗೆಯಲು ಫ್ರಿಜ್ ಬಾಗಿಲು ತೆರೆದರು. ಆ ಸದ್ದು ಕೇಳಿದರೆ ಗಿನಿ ಪಿಗ್‌ಗಳು ಕುಂಯ್ ಕುಂಯ್ ಎಂದು ಕೂಗುತ್ತವೆ, ಓಡಿ ಬರುತ್ತವೆ. ಅಣ್ಣತಂಗಿಯರಾದರಲ್ಲ ಎಂದು ಅವನ್ನು ಪಂಜರದಿಂದ ನಡುಮನೆಗೆ ಬಿಟ್ಟಿದ್ದರು. ಭೀಮ ಸೋಫಾದ ಕೆಳಗೆ ಮಲಗಿದ್ದ. ಬೆಲ್ಲ ಅವನ ಮೂಗಿನ ಮುಂದೆಯೇ ಓಡಿತು. ಒಂದೇ ನೆಗೆತ, ಬೆಲ್ಲ ಅವನ ಬಾಯಲ್ಲಿ. ಧಾತ್ರಿ ಕಿರುಚಿದಳು. ಭೀಮ ಬಾಯಿ ಬಿಟ್ಟ.

ಸರಸ್ವತಿ ಎತ್ತಿ ನೋಡಿದರು. ಕೂದಲು ಒದ್ದೆ, ರಕ್ತ ಇಲ್ಲ. “ಏನೂ ಆಗಿಲ್ಲ, ಅರಿಶಿನ ಹಚ್ಚೋಣ, ಬೆಳಗ್ಗೆ ನೋಡೋಣ,” ಅಂದರು. ಧಾತ್ರಿ ಕೇಳಲಿಲ್ಲ. “ನಹೀ ಅಮ್ಮಾ, ವಿನೋದಿನಿ ಆಂಟಿ ಹತ್ರ ಹೋಗೋಣ, ಅಭೀ, ಈಗ್ಲೇ!” ಎಂದು ಹಟ ಹಿಡಿದಳು. ತರಕಾರಿ ಬುಟ್ಟಿಯಲ್ಲಿ ಟವಲ್ ಹಾಕಿ, ಬೆಲ್ಲಳನ್ನು ಇಟ್ಟು, ರಿಕ್ಷಾ ಹಿಡಿದು ದವಾಖಾನೆಗೆ ಬಂದರು.

ಡಾಕ್ಟರಮ್ಮ ಕೂದಲು ಬಿಡಿಸಿದರು. ಹಿಂಗಾಲಿನ ತೊಡೆಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಎರಡು ತೂತು. ಮೇಲೆ ಅಷ್ಟೇ, ಒಳಗೆ ಆಳ. “ರಾತ್ರಿ ಕಳೆದಿದ್ದರೆ ಇದು ಉಳೀತಿರಲಿಲ್ಲ,” ಅಂದರು. ಸರಸ್ವತಿ ಬೆಂಚಿನ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡರು. ಮೂರು ದಿನ ಬೆಲ್ಲ ನಮ್ಮಲ್ಲೇ ಇತ್ತು. ನಾನೇ ಸಿರಿಂಜಿನಲ್ಲಿ ಊಟ ಕೊಟ್ಟೆ. ನಾಲ್ಕನೇ ದಿನ ತಾನಾಗಿಯೇ ಹುಲ್ಲು ಜಗಿಯಿತು. ನನಗೆ ಅಳುವೇ ಬಂತು, ಹೇಳಿಕೊಳ್ಳಲು ನಾಚಿಕೆ ಇಲ್ಲ.

ಬೆಲ್ಲಳನ್ನು ಮನೆಗೆ ತಲುಪಿಸಲು ಹೋದರೆ ಅಲ್ಲಿ ಬೇರೆಯೇ ಗೋಳು. ಹಿರಿಯಣ್ಣ ಕೆಲಸದಿಂದ ಬಂದವರು ಬೂಟೂ ಬಿಚ್ಚದೆ ಭೀಮನ ಕುತ್ತಿಗೆ ಪಟ್ಟಿ ಹಿಡಿದು ನಿಂತಿದ್ದರು.

“ಥಾಣೆ ಊರ ಹತ್ರ ನಾಯಿಗಳದ್ದೊಂದು ಆಶ್ರಮ ಇದೆಯಂತೆ, ಬಿಟ್ಟು ಬರ್ತೀನಿ. ಮೊನ್ನೆ ಬೆಲ್ಲನ ಹಿಡಿದ, ನಾಳೆ ಮಗೂನ ಹಿಡಿದ್ರೆ? ನಂಬಿಕೆ ಹೋಯ್ತು ಕಣ್ರೀ.”

ಧಾತ್ರಿ ಭೀಮನ ಕುತ್ತಿಗೆ ತಬ್ಬಿಕೊಂಡಿದ್ದಳು. “ಆಂಟಿ, ಅಪ್ಪಂಗೆ ಹೇಳಿ ನಾ! ಭೀಮಾ ಬೇಕೂಂತ ಮಾಡಿಲ್ಲ. ಮೈನೇ ಹೀ ರಾಖಿ ಬಾಂಧಿ ಥೀ... ನಾನೇ ಕಟ್ಟಿದ್ದು, ನಂದೇ ತಪ್ಪು.”

ನನಗೆ ಸಿಟ್ಟು ನೆತ್ತಿಗೇರಿತು. ನಾಯಿಯ ಮೇಲಲ್ಲ, ಮಗುವಿನ ಮೇಲೂ ಅಲ್ಲ.

“ಹಿರಿಯಣ್ಣಾರ, ಮೊದಲ ಆ ಪಟ್ಟಿ ಬಿಡ್ರಿ. ಹಬ್ಬದ ದಿನ ಅವ ಅಣ್ಣ, ಮೂರನೇ ದಿನ ಕೊಲೆಗಾರ. ಅವ ಎರಡೂ ಅಲ್ರಿ, ನಾಯಿ. ಸಣ್ಣದೊಂದು ಮುಂದ ಓಡಿದ್ರ ಹಿಡಿಯೂದು ಅವನ ರಕ್ತದಾಗ ಐತಿ. ದ್ವೇಷಾನೂ ಅಲ್ಲ, ಹಸಿವೂ ಅಲ್ಲ. ಮಗು ಅವನ ಬಾಯಾಗಿಂದ ಚೆಂಡು ಕಸಗೊಂಡ್ರ ಸುಮ್ಮ ಇರ್ತಾನಿಲ್ಲೋ? ಅದ ಬ್ಯಾರೆ, ಇದ ಬ್ಯಾರೆ. ದಾರ ಕಟ್ಟಿದ್ದು ನಾವು. ಅದರ ಅರ್ಥ ಅವಂಗ ಹೆಂಗ ಗೊತ್ತಾಗಬೇಕು?”

“ಹಾಗಾದ್ರೆ ಕಡಲೆ-ಬೆಲ್ಲನ ಬೇರೆ ಯಾರಿಗಾದ್ರೂ ಕೊಡಬೇಕಾ?” ಸರಸ್ವತಿಯ ದನಿ ಸಣ್ಣದಾಗಿತ್ತು.

“ಯಾಕ್ರಿ ಕೊಡಬೇಕು? ಒಂದ ಸೂರಿನ ಕೆಳಗ ಇರ್ಲಿ, ಒಂದ ನೆಲದ ಮ್ಯಾಲ ಬ್ಯಾಡ. ಬೆಡ್‌ರೂಮಿಗೆ ಬಾಗಿಲ ಐತಿಲ್ಲೋ?”

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಬಾಗಿಲಿತ್ತು. ಚಿಲಕ ಮುರಿದು ಎಷ್ಟೋ ವರ್ಷವಾಗಿತ್ತು. ರಿಪೇರಿ ಮಾಡಿಸುವ ತುರ್ತು ಯಾರಿಗೂ ಇರಲಿಲ್ಲ, ಪರದೆ ಇಳಿಬಿಟ್ಟಿದ್ದರು.

ಹಿರಿಯಣ್ಣ ಭೀಮನ ಪಟ್ಟಿ ಬಿಟ್ಟರು. ಕೆಳಗಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹೊಸ ಚಿಲಕ ತಂದು, ಧಾತ್ರಿಯ ಕೈಗೆಟುಕುವ ಎತ್ತರಕ್ಕೆ ಸ್ಕ್ರೂ ಹಾಕಿದರು. ಪಂಜರಕ್ಕೆ ಗಟ್ಟಿ ಮುಚ್ಚಳ ಬಂತು. ಬೆಡ್‌ರೂಮಿನಲ್ಲಿ ಅಲುಗಾಡದ ಮೇಜಿನ ಮೇಲೆ, ಬಿಸಿಲು ಬೀಳದ ಮೂಲೆಯಲ್ಲಿ ಅದನ್ನಿಟ್ಟರು. ಹೆದರಿದರೆ ಅಡಗಿಕೊಳ್ಳಲೆಂದು ಧಾತ್ರಿ ಬೂಟಿನ ಡಬ್ಬಿಗೆ ಎರಡು ಬಾಗಿಲು ಕತ್ತರಿಸಿ ಒಳಗಿಟ್ಟಳು. ಭೀಮ ಅಪ್ಪನ ಜೊತೆ ವಾಕಿಂಗಿಗೆ ಹೋದಾಗ ಮಾತ್ರ ಕಡಲೆ, ಬೆಲ್ಲ ರೂಮಿನ ನೆಲಕ್ಕೆ ಇಳಿಯುತ್ತವೆ. ಅವು ಮತ್ತೆ ಪಂಜರಕ್ಕೆ ಹತ್ತಿದ ಮೇಲೆಯೇ ಅವನು ಒಳಗೆ ಬರುವುದು.

ಎಲ್ಲ ಮುಗಿದ ಮೇಲೆ ಧಾತ್ರಿ ನೆಲದ ಮೇಲೆ ಕೂತು ಭೀಮನ ಕಾಲಿನಿಂದ ತಂಗಿಯರ ಆ ರಾಖಿ ಬಿಚ್ಚಿದಳು. ಅವಳ ಸ್ವಂತ ರಾಖಿಯನ್ನು ಹಾಗೇ ಬಿಟ್ಟಳು. ಭೀಮ ಅವಳ ಕೈ ನೆಕ್ಕಿದ. ಅವಳು ಎದ್ದು ಹೋಗಿ, ಬಿಚ್ಚಿದ ರಾಖಿಯನ್ನು ಹೊಸ ಚಿಲಕಕ್ಕೆ ಕಟ್ಟಿದಳು.

“ಆಂಟಿ, ಕಡಲೆ-ಬೆಲ್ಲಂದು ಅಣ್ಣ ಇವನು. ರಕ್ಷಾ ಇವನೇ ಮಾಡ್ತಾನೆ. ಭೀಮಾ ಸಿರ್ಫ್ ನನ್ನೊಬ್ಬಳ ಅಣ್ಣ.”

ಹಿರಿಯಣ್ಣ ಗೋಡೆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಮುಂಬೈ ಮನೆಗಳು ಚಿಕ್ಕವು, ಪ್ರೀತಿ ದೊಡ್ಡದು. ಆ ಪ್ರೀತಿಯಲ್ಲೇ ನಾವು ಮೋಸ ಹೋಗುತ್ತೇವೆ. ನಾಯಿ ಎಷ್ಟೇ ಸಾಧುವಾಗಿರಲಿ, ಸಣ್ಣ ಪ್ರಾಣಿಯ ಜೊತೆ ಒಂದು ನಿಮಿಷವೂ ಅದನ್ನು ಬಿಟ್ಟು ಹೋಗಬೇಡಿ, ಹಾಲು ಉಕ್ಕಿದರೂ ಸರಿ. ಫೋಟೋಕ್ಕಾಗಿ ಎದುರುಬದುರು ಕೂರಿಸಲೇಬೇಡಿ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಪಂಜರದ ಕಡೆ ನಾಯಿ ದಿಟ್ಟಿಸುತ್ತಾ ಸೆಟೆದು ನಿಂತರೆ, ಅಲ್ಲೇ ಸುತ್ತಿದರೆ, ಮೆಲ್ಲಗೆ ಕರೆದು ಆಚೆ ಒಯ್ಯಿರಿ. ಕರೆದಾಗ ಬಂದರೆ ಬೆನ್ನು ತಟ್ಟಿ ತಿನ್ನಲು ಕೊಡಿ. ಹೊಡೆಯಬೇಡಿ. ನಾಯಿಯ ಉಣ್ಣಿಹುಳಕ್ಕೆ ಹಾಕುವ ಔಷಧಿಯನ್ನು ಗಿನಿ ಪಿಗ್‌ಗೆ ಹಾಕಬೇಡಿ, ಅದು ವಿಷವಾದೀತು. ಅಕಸ್ಮಾತ್ ಹಲ್ಲು ತಾಗಿದರೆ, ರಕ್ತ ಕಾಣದಿದ್ದರೂ, ಆ ಕ್ಷಣವೇ ಡಾಕ್ಟರ ಹತ್ತಿರ ಓಡಿ.

ಬೆಲ್ಲ ಈಗಲೂ ಸ್ವಲ್ಪ ಕುಂಟುತ್ತದೆ. ಫ್ರಿಜ್ ತೆರೆದರೆ ಕೂಗುವುದನ್ನು ಮಾತ್ರ ಬಿಟ್ಟಿಲ್ಲ. ಭೀಮ ನಡುಮನೆಯಲ್ಲಿ ಬಾಲ ಆಡಿಸುತ್ತಾನೆ. ನಡುವೆ ಒಂದು ಬಾಗಿಲಿದೆ, ಮೂವರೂ ಬದುಕಿದ್ದಾರೆ.

ನಿಮ್ಮ ಮನೆಯ ಆ ಬಾಗಿಲು ಈಗ ಹಾಕಿದೆಯೇ? ಈ ಮಾತು ಆಮೇಲೆ ಕೇಳಿಸಿಕೊಳ್ಳುವಿರಂತೆ. ಮೊದಲು ಎದ್ದು ಚಿಲಕ ನೋಡಿ ಬನ್ನಿ.