ಜರತಾರಿ ಸೀರೆಯ ರೊಟ್ಟಿ

ಒಂದು ಕಾಲಿನ ಹೆಬ್ಬೆರಳನ್ನು ನಂಬಿ ಇಷ್ಟು ಹೆಣ್ಣುಮಕ್ಕಳ ಕೆಲಸವನ್ನು ಒಪ್ಪಿಸಬಹುದೇ? ಅದೂ ಚಿತ್ರದಲ್ಲಿ ಬರೆದ ಹೆಬ್ಬೆರಳು. ಹೈದರಾಬಾದಿನವರು ತಣ್ಣನೆಯ ಕೋಣೆಯಲ್ಲಿ ಕೂರಿಸಿ, ಹಾರುವ ಆನೆ ತೋರಿಸಿದ್ದರು, ಕುಣಿಯುವ ಟೊಮೆಟೊ ತೋರಿಸಿದ್ದರು. ಇಲ್ಲಿ ಹತ್ತುವ ಮೆಟ್ಟಿಲೇ ಕಿರುಗುಟ್ಟುತ್ತದೆ. ಇನ್ನೂ ಹೊತ್ತು ಮೀರಿಲ್ಲ, ಹಿಂದಕ್ಕೆ ಹೋದರೂ ಯಾರೂ ಕೇಳುವುದಿಲ್ಲ.

ಹೀಗೆ ಅಂದುಕೊಳ್ಳುತ್ತ ಕಿರಣಕುಮಾರ ಅರ್ಧ ಮೆಟ್ಟಿಲಿನಲ್ಲಿ ನಿಂತುಬಿಟ್ಟಿದ್ದ. ಕೆಳಗೆ ವಲಿ ಪಾಷಾನ ಹೊಲಿಗೆ ಅಂಗಡಿಯಲ್ಲಿ ಮಿಷಿನ್ನು ಗರಗರ ಓಡುತ್ತಿತ್ತು. ಮೇಲೆ, ರಾಯಚೂರಿನ ತೀನ್ ಕಂದೀಲ್ ವೃತ್ತದ ಕಡೆಗೆ ಕಿಟಕಿ ತೆರೆದ ಎರಡು ಕೋಣೆಗಳಲ್ಲಿ, ವಿಶಾಖಾ ಮತ್ತು ಸಂಜೀವ ಎಂಬಿಬ್ಬರು ಸೇರಿ ನಡೆಸುವ ಅನಿಮೇಷನ್ ಸ್ಟುಡಿಯೋ.

ಕಿರಣಕುಮಾರನಿಗೆ ಪಿಚ್ಚರ್ ಮಾಡಿಸುವ ಈ ಕೆಲಸ ಬಂದದ್ದು ದೇವದುರ್ಗದ ರೊಟ್ಟಿ ಸಂಘದಿಂದ. ಎಂ.ಎ. ಮುಗಿಸಿದ ಮೇಲೆ ಅವನು ಅಲ್ಲಿ ಮ್ಯಾನೇಜರನಾಗಿದ್ದ. ಆದರೆ ಹೆಣ್ಣುಮಕ್ಕಳೆಲ್ಲ ಒಟ್ಟಿಗೆ ಮಾತಾಡಿ ತೀರ್ಮಾನಿಸುವ ಆ ಸಂಘದಲ್ಲಿ ಅವನ ಪಾಲಿಗೆ ಉಳಿಯುತ್ತಿದ್ದದ್ದು ತಲೆಯಾಡಿಸುವುದು ಮಾತ್ರ. ಅದರ ಬಗ್ಗೆ ಅವನಿಗೆ ದೂರೂ ಇರಲಿಲ್ಲ. ಮಾತು ಅವನಿಗೆ ಯಾವಾಗಲೂ ಒಂದು ಗಳಿಗೆ ತಡವಾಗಿ ಬರುತ್ತಿತ್ತು.

ಸಂಘದ ಖಡಕ್ ರೊಟ್ಟಿಯನ್ನು ತನ್ನ ಅಂಗಡಿಯಲ್ಲಿ ಇಟ್ಟುಕೊಳ್ಳಲು ಮಾನ್ವಿಯ ವ್ಯಾಪಾರಿ ಈರಯ್ಯ ಒಂದು ಷರತ್ತು ಹಾಕಿದ್ದ. ಕೈಯಿಂದ ಬಡಿದದ್ದು ಎಂದು ಪಾಕೀಟಿನ ಮೇಲೆ ಎಲ್ಲರೂ ಬರೆಸುತ್ತಾರೆ, ಒಳಗಿರುವುದು ಯಂತ್ರದಲ್ಲಿ ಒತ್ತಿದ ರೊಟ್ಟಿ. ನಿಮ್ಮದು ನಿಜ ಎಂದು ಗಿರಾಕಿಗೆ ತಿಳಿಯುವುದು ಹೇಗೆ ಎಂದು ಕೇಳಿದ. ಹೊಸ ಅಂಗಡಿಯಲ್ಲಿ ದೊಡ್ಡ ಟಿ.ವಿ. ಹಾಕಿಸುತ್ತಿದ್ದೇನೆ, ಅದರಲ್ಲಿ ತೋರಿಸಲು ಒಂದು ನಿಮಿಷದ ಪಿಚ್ಚರ್ ಮಾಡಿಸಿ ತನ್ನಿ ಎಂದ. ವಿಡಿಯೋ ತೆಗೆಯುತ್ತೇವೆ ಎಂದರೆ ಬೇಡವೆಂದ.

"ವಿಡಿಯೋ ಎಲ್ಲಾರ ಫೋನಿನ್ಯಾಗೂ ಅದ. ಗೊಂಬಿ ಪಿಚ್ಚರ್ ಆದ್ರ ಹುಡುಗ್ರು ನಿಂದರ್ತಾವ. ಹುಡುಗ್ರು ನಿಂತ್ರ ತಾಯಂದ್ರು ನಿಂದರ್ತಾರ, ಹೌದಿಲ್ಲೋ?"

ಸಂಘದ ಅಧ್ಯಕ್ಷೆ ಬಸವಂತಮ್ಮ ತನ್ನ ಅಳಿಯ ಹೇಳಿದ ಹೈದರಾಬಾದಿನ ಕಂಪನಿಯ ಹೆಸರು ತಂದಿದ್ದಳು. ಆದರೂ ಅವತ್ತು ಯಾವ ಗಳಿಗೆಯಲ್ಲೋ ಏನೋ, ಕಿರಣಕುಮಾರನ ಕಡೆ ತಿರುಗಿ, "ನೀ ಕಲ್ತಾಂವ ಇದ್ದಿ. ನೀನ ನಾಕ್ ಕಡಿ ನೋಡಿ ಆರಸು. ಆದ್ರ ಆರಸಿದ ಮ್ಯಾಲೆ ಹೆಚ್ಚುಕಡಿಮಿ ಆದ್ರ ನಿನ್ನ ಕೇಳಾಕಿ ನಾನು" ಎಂದಿದ್ದಳು. ಅವನಿಗೆ ಯಾರಾದರೂ ಏನನ್ನಾದರೂ ಆರಿಸಲು ಬಿಟ್ಟದ್ದು ಅದೇ ಮೊದಲು. ಕೆಟ್ಟರೆ ಅದೇ ಕೊನೆಯದೂ ಆಗುತ್ತಿತ್ತು.

ಇನ್ನು ಆ ಹೆಬ್ಬೆರಳು. ವಿಶಾಖಾ ಫೋನಿಗೆ ಕಳಿಸಿದ ತಮ್ಮ ಹಳೆಯ ಕೆಲಸದ ತುಣುಕಿನಲ್ಲಿ ಒಬ್ಬ ಮುದುಕ ಬಸ್ಸಿಗೆ ಕಾಯುತ್ತ ಕುಳಿತಿದ್ದ. ಬಸ್ಸು ಬರುವುದಿಲ್ಲ. ಮುದುಕ ನಿಟ್ಟುಸಿರು ಬಿಡುವುದಿಲ್ಲ, ಹಣೆ ಒರೆಸಿಕೊಳ್ಳುವುದಿಲ್ಲ. ಚಪ್ಪಲಿಯೊಳಗೆ ಕಾಲಿನ ಹೆಬ್ಬೆರಳು ಮಾತ್ರ ಮೆಲ್ಲಗೆ ಎದ್ದು ಕೂರುತ್ತದೆ, ಮತ್ತೆ ಏಳುತ್ತದೆ. ಕಿರಣಕುಮಾರನ ಅಪ್ಪ ಹನುಮಂತ್ರಾಯನೂ ಹೀಗೆಯೇ ಕಾಯುತ್ತಿದ್ದ. ಗಂಜ್ ಮಾರುಕಟ್ಟೆಯಲ್ಲಿ ಹತ್ತಿಯ ಗಾಡಿಗಾಗಿ ಕುಳಿತಾಗ, ಮಗನ ಪರೀಕ್ಷೆಯ ಫಲಿತಾಂಶದ ದಿನ ಕಟ್ಟೆಯ ಮೇಲೆ ಕುಳಿತಾಗ, ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಎಲ್ಲವೂ ಆ ಬೆರಳಲ್ಲಿರುತ್ತಿತ್ತು. ಇದನ್ನು ಸಂಘದ ಸಭೆಯಲ್ಲಿ ಹೇಗೆ ಹೇಳುವುದು? ಹತ್ತಿರವಿದ್ದಾರೆ, ನಮ್ಮ ಮಾತು ತಿಳಿಯುತ್ತದೆ ಎಂದಷ್ಟೇ ಹೇಳಿದ್ದ.

ಕೊನೆಗೆ ಮೆಟ್ಟಿಲು ಹತ್ತಿದ.

ವಿಶಾಖಾ ರಾಯಚೂರಿನವಳೇ. ಯೋಚಿಸುವಾಗ ಮೇಜಿನ ಮೇಲೆ ಬೆರಳಿಂದ ತಾಳ ಹಾಕುವ ಅಭ್ಯಾಸ. ಸಂಜೀವನದು ಇನ್ನೊಂದು ಬಗೆ. ಎದುರಿಗಿದ್ದವರು ಮಾತಾಡುವಾಗ ಅವನು ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ. ತಾವು ಮನಸ್ಸಿಗೆ ಬಂದಂತೆ ಬರೆಯುವವರಲ್ಲ ಎಂದು ವಿಶಾಖಾ ಮೊದಲೇ ಹೇಳಿದಳು. ನಿಜವಾದ ಮನುಷ್ಯರು ಮಾಡುವುದನ್ನು ಫೋನಿನಲ್ಲಿ ಹಿಡಿದು, ಅದನ್ನು ತುಂಡುತುಂಡಾಗಿ ನಿಲ್ಲಿಸಿ ನೋಡಿ, ಪ್ರತಿಯೊಂದು ಚಲನೆಯನ್ನೂ ಕೈಯಿಂದ ಬರೆಯುವುದು ಅವರ ಪದ್ಧತಿ. ಅದಕ್ಕೆ ಹೊತ್ತು ಹಿಡಿಯುತ್ತದೆ. ಆದರೆ ಬಂದ ಮೇಲೆ ಅದು ಆ ಮನುಷ್ಯರೇ ಆಗಿರುತ್ತದೆ.

ಹಾಗಾಗಿ ಸಂಜೀವ ಒಂದು ದಿನ ದೇವದುರ್ಗಕ್ಕೆ ಬರುವುದೆಂದಾಯಿತು. ಸಂಘದಲ್ಲಿ ಎಲ್ಲರಿಗಿಂತ ತೆಳ್ಳಗೆ ರೊಟ್ಟಿ ಬಡಿಯುವ ದುರುಗಮ್ಮನನ್ನು ಅವನು ಫೋನಿನಲ್ಲಿ ಹಿಡಿದುಕೊಳ್ಳಬೇಕು. ದಿನಾ ಮಾಡುವ ಹಾಗೆ ಮಾಡಿದರೆ ಸಾಕು ಎಂದು ಕಿರಣಕುಮಾರ ಹೇಳಿಯೂ ಇದ್ದ.

ಆದರೆ ದೇವದುರ್ಗದಲ್ಲಿ ಫೋಟೋ ತೆಗೆಯಲು ರಾಯಚೂರಿನಿಂದ ಒಬ್ಬ ಬರುತ್ತಾನೆಂದರೆ ಅದು ದಿನದ ಮಾತಾಗುವುದಿಲ್ಲ. ಸಂಜೀವ ಬಂದಾಗ ದುರುಗಮ್ಮ ಮಗಳ ಮದುವೆಯಲ್ಲಿ ಉಟ್ಟ ಜರತಾರಿ ಸೀರೆ ಉಟ್ಟು, ಕೊರಳಿಗೆ ಬೋರಮಾಳ ಹಾಕಿ, ಎರಡೂ ಕೈತುಂಬ ಹೊಸ ಹಸಿರು ಬಳೆ ತೊಟ್ಟು, ಮುಡಿಗೆ ಮಲ್ಲಿಗೆ ಮುಡಿದು ಒಲೆಯ ಮುಂದೆ ಕುಳಿತಿದ್ದಳು. ಪಕ್ಕದ ಹೆಣ್ಣುಮಕ್ಕಳು ಅವಳ ಸೆರಗು ಸರಿಪಡಿಸುತ್ತಿದ್ದರು. ಕಿರಣಕುಮಾರನಿಗೆ ಇದು ಸರಿಯಲ್ಲ ಎನಿಸಿತು. ಆದರೆ ಅವಳ ಮುಖದಲ್ಲಿದ್ದ ಸಂಭ್ರಮ ನೋಡಿ ಹೇಳಲು ಬಾಯಿ ಬರಲಿಲ್ಲ. ಸಂಜೀವನೋ, ಅವಳ ಕೈಗಳನ್ನೇ ನೋಡುತ್ತ ಕುಳಿತುಬಿಟ್ಟ. ಆ ಸೀರೆ, ಸಂಘದವರ ಬಯಕೆಯೇ ಇರಬೇಕೆಂದುಕೊಂಡ.

ತಿಂಗಳ ಮೇಲೆ ಪಿಚ್ಚರ್ ಬಂತು. ಬಸವಂತಮ್ಮನ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಟಿ.ವಿ.ಯಲ್ಲಿ ಒಲೆಯ ಬೆಂಕಿ ಹೊತ್ತಿತು, ಹಿಟ್ಟಿನ ಮುದ್ದೆ ಹಲಗೆಯ ಮೇಲೆ ಬಿತ್ತು, ಬರೆದ ದುರುಗಮ್ಮ ಪಟಪಟ ರೊಟ್ಟಿ ಬಡಿಯತೊಡಗಿದಳು. ಅವಳ ತಲೆ ವಾಲುವ ರೀತಿ, ಹಿಟ್ಟು ಉದುರಿಸುವ ಬೆರಳು, ಎಲ್ಲವೂ ಅವಳದೇ. ಜರಿಯಂಚೂ ಅವಳದೇ. ಬಳೆಗಳು ಹಲಗೆಗೆ ತಾಗಿ ಝಣಝಣ ಎನ್ನುತ್ತಿದ್ದವು.

ಹಿಂದೆ ಕುಳಿತಿದ್ದ ಹಾಜಿರಾ ಬೀ, "ಲೇ ದುರುಗಿ, ಬೀಗರು ಬಂದು ಕುಂತಾರೇನ್ ಬೇ? ಉಟ್ಟ ಮದುವಿ ಸೀರ್ಯಾಗ ರೊಟ್ಟಿ ಬಡಿಯಾಕ್ ಕುಂತೀ" ಎಂದಳು. ಪಡಸಾಲೆಯೇ ನಕ್ಕಿತು. ದುರುಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕಳು.

ಬಸವಂತಮ್ಮ ನಗಲಿಲ್ಲ. ಈರಯ್ಯ ಕೇಳಿದ್ದು ನಿಜದ ಕೈ. ರೇಷ್ಮೆ ಉಟ್ಟು, ಬಳೆ ತುಂಬಿಕೊಂಡು ಯಾರು ರೊಟ್ಟಿ ಬಡಿಯುತ್ತಾರೆ? ಇದನ್ನು ನೋಡಿದರೆ ಅವನು, ನಿಮ್ಮದೂ ನಾಟಕವೇ ಎನ್ನುವುದಿಲ್ಲವೇ? ಈರಯ್ಯನ ಹೊಸ ಅಂಗಡಿಯ ಪ್ರಾರಂಭದ ಪೂಜೆಗೆ ಹತ್ತು ದಿನ ಉಳಿದಿತ್ತು. ಅಳಿಯನಿಗೆ ಇವತ್ತೇ ಫೋನು ಮಾಡುತ್ತೇನೆ, ಹೈದರಾಬಾದಿನವರು ಹೇಗಾದರೂ ಮಾಡಿಕೊಡುತ್ತಾರೆ ಎಂದಳು. ಎಲ್ಲರ ಕಣ್ಣೂ ಕಿರಣಕುಮಾರನ ಕಡೆ ತಿರುಗಿದವು.

ಅವನು ಎದ್ದು ನಿಂತ. "ನಾ ಅವತ್ತ ಇಲ್ಲೇ ಇದ್ದೆ. ನೋಡಿ ಸುಮ್ನ ಕುಂತೆ. ತಪ್ಪು ಅವರದಲ್ಲ. ಒಂದ್ ಸಲ ಅವರ ಕೈಲೇ ಸರಿ ಮಾಡ್ಸಿ ಈರಯ್ಯನವ್ರ ಮುಂದ ಇಡ್ತೀನಿ. ಅವರು ಒಲ್ಲೆ ಅಂದ್ರ ನೀವು ಯಾರನ್ನ ಆರಿಸಿದ್ರೂ ನಾ ಮಾತಾಡಂಗಿಲ್ಲ."

ಅವನು ಇಷ್ಟು ಉದ್ದ ಮಾತಾಡಿದ್ದನ್ನು ಸಂಘದಲ್ಲಿ ಯಾರೂ ಕೇಳಿರಲಿಲ್ಲ. ಬಸವಂತಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು, "ಹತ್ತೇ ದಿನ ನೋಡು" ಎಂದಳು.

ಗಬ್ಬೂರು ದಾಟುವವರೆಗೂ ಬಸ್ಸಿನಲ್ಲಿ ಅವನಿಗೆ ಏನೂ ಹೊಳೆಯಲಿಲ್ಲ. ಸ್ಟುಡಿಯೋದಲ್ಲಿ ಸಂಗತಿ ಕೇಳಿದ ಸಂಜೀವ ತಲೆಯ ಮೇಲೆ ಕೈಯಿಟ್ಟುಕೊಂಡ. ರೇಷ್ಮೆಯ ಮೇಲೆ ನೂಲಿನ ಸೀರೆಯ ಬಣ್ಣ ಹಚ್ಚಿದರೆ ಆಗದು. ರೇಷ್ಮೆ ಸೆಟೆದು ನಿಲ್ಲುತ್ತದೆ, ನೂಲು ಮೈಗೆ ಬೀಳುತ್ತದೆ. ಪೂರ್ತಿ ಮತ್ತೆ ಬರೆಯಬೇಕೆಂದರೆ ಇನ್ನೊಂದು ತಿಂಗಳು. ವಿಶಾಖಾ ಮೇಜಿನ ಮೇಲೆ ತಾಳ ಹಾಕುವುದನ್ನೂ ನಿಲ್ಲಿಸಿದ್ದಳು.

ಮೂವರೂ ಸುಮ್ಮನೆ ಕುಳಿತರು. ಕಿರಣಕುಮಾರನಿಗೆ ಆ ಸುಮ್ಮನಿರುವಿಕೆ ಪರಿಚಯದ್ದು. ಅದರೊಳಗೆ ಅವನಿಗೆ ಯೋಚನೆ ಸರಾಗ. ದುರುಗಮ್ಮ ಅವತ್ತು ಏನೇನು ಮಾಡಿದಳೆಂದು ಮೊದಲಿನಿಂದ ನೆನೆಸಿಕೊಳ್ಳುತ್ತ ಹೋದ. ಎರಡು ರೊಟ್ಟಿ ಸೀರೆಯ ಜರಿ ಕಾಯುತ್ತ ಬಡಿದಳು. ಆಮೇಲೆ ಏನೋ ಆಯಿತಲ್ಲ?

"ಎರಡನೇ ರೊಟ್ಟಿ ಆದ್ಮ್ಯಾಲೆ ಆಕಿ ಕೈ ನಿಲ್ಸಿದ್ಲು. ಅದು ನಿಮ್ಮ ಫೋನಿನ್ಯಾಗ ಅದ ಏನ್ರಿ?"

ಇತ್ತು. ರೊಟ್ಟಿ ಬಡಿಯುವುದು ನಿಂತಿತೆಂದು ಸಂಜೀವ ಅಲ್ಲಿಂದ ಮುಂದಿನದನ್ನು ಬಿಟ್ಟಿದ್ದ. ಮೂವರೂ ಬಾಗಿ ನೋಡಿದರು. ದುರುಗಮ್ಮ ಕೈ ನಿಲ್ಲಿಸುತ್ತಾಳೆ. ಜರಿಯಂಚಿಗೆ ಮೆತ್ತಿದ ಹಿಟ್ಟನ್ನು ನೋಡುತ್ತಾಳೆ. ಮೆಲ್ಲಗೆ ಕಣ್ಣೆತ್ತಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡುತ್ತಾಳೆ. ಆಮೇಲೆ, ಹೋಗಲಿ ಬಿಡು ಎನ್ನುವಂತೆ, ಬಳೆಗಳನ್ನು ಸರಸರ ಮೊಣಕೈವರೆಗೆ ಏರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂರನೆಯ ಮುದ್ದೆಗೆ ಕೈ ಹಾಕುತ್ತಾಳೆ. ಆ ರೊಟ್ಟಿಯ ರಭಸವೇ ಬೇರೆ. ಅದು ಮನೆಯ ರೊಟ್ಟಿ.

"ಇದನ್ನ ಸೇರಸ್ರಿ," ಎಂದ ಕಿರಣಕುಮಾರ. "ರೇಷ್ಮಿ ಸೀರಿ ಇರ್ಲಿ. ಆಕಿ ಕೈ ನಿಂತಾಗ ಸಂಗೀತ ಬ್ಯಾಡ, ಏನೂ ಬ್ಯಾಡ. ಎಲ್ಲಾ ಸುಮ್ನಾಗ್ಲಿ. ಆಮ್ಯಾಲೆ ಬರೇ ಕೈ ತೋರಸ್ರಿ."

ವಿಶಾಖಾ ಅವನನ್ನು ಒಂದು ಕ್ಷಣ ನೋಡಿದಳು. ಬೆರಳು ಮೇಜಿನ ಮೇಲೆ ಮತ್ತೆ ತಾಳ ಹಾಕತೊಡಗಿತು. "ಎಷ್ಟೊತ್ತು ಸುಮ್ನಿರ್ಬೇಕು?" ಎಂದು ಕೇಳಿದಳು.

"ನೋಡೋರಿಗೆ ಟಿ.ವಿ. ಕೆಟ್ಟೈತೇನೋ ಅನ್ಸೋ ತನಕ."

ಸಂಜೀವ ನಕ್ಕು ಪೆನ್ಸಿಲು ಕೈಗೆತ್ತಿಕೊಂಡ. ಕೊನೆಯ ಭಾಗವಷ್ಟೇ ಹೊಸದು, ವಾರದಲ್ಲಿ ಆಗುವಂಥದು. ಆ ವಾರ ಕಿರಣಕುಮಾರ ಬಹುಪಾಲು ಅಲ್ಲಿಯೇ ಇದ್ದ. ಮಧ್ಯಾಹ್ನ ರೊಟ್ಟಿ ಪಾಕೀಟು ಬಿಚ್ಚಿ, ಖಾರದ ಶೇಂಗಾ ಹಿಂಡಿಯ ಪುಡಿ ಹಚ್ಚಿಕೊಂಡು ಮೂವರೂ ತಿನ್ನುವರು. ಕೆಲಸ ಮುಗಿಯುವಷ್ಟರಲ್ಲಿ ಸರಕೇ ಮುಗಿಯುತ್ತದೆ ಎಂದು ವಿಶಾಖಾ ಕಾಡಿಸುವಳು. ಧ್ವನಿ ಹಿಡಿಯುವ ದಿನ ದುರುಗಮ್ಮ ಹಲಗೆ, ಹಿಟ್ಟು ಹೊತ್ತುಕೊಂಡು ಹಳೆಯ ನೂಲಿನ ಸೀರೆಯಲ್ಲೇ ಬಂದಳು. ಧ್ವನಿ ಹಿಡಿಯುವಾಗಲೆಲ್ಲ ಸಂಜೀವ ಹಿಮ್ಮಡಿಯಿಂದ ನೆಲ ಗುದ್ದುವುದು ವಾಡಿಕೆ. ಕೆಳಗೆ ವಲಿ ಪಾಷಾ ಹೊಲಿಗೆ ಮಿಷಿನ್ನು ನಿಲ್ಲಿಸುತ್ತಾನೆ. ಎರಡನೆಯ ಸಲ ಗುದ್ದಿದರೆ ಮತ್ತೆ ಓಡಿಸುತ್ತಾನೆ. ಅವತ್ತು ದುರುಗಮ್ಮ ಕೈ ನಿಲ್ಲಿಸಿದ ಜಾಗದಲ್ಲಿ ಕೋಣೆ ಎಷ್ಟು ಸದ್ದಿಲ್ಲದೆ ಕುಳಿತಿತೆಂದರೆ, ಬಳೆ ಏರುವ ಸಪ್ಪಳ ಮಳೆಯ ಮೊದಲ ಹನಿಗಳ ಹಾಗೆ ಕೇಳಿಸಿತು. ಎರಡನೆಯ ಗುದ್ದು ಕೊಡಲು ಸಂಜೀವ ಮರೆತುಬಿಟ್ಟ. ಎಷ್ಟೋ ಹೊತ್ತಿನ ಮೇಲೆ ವಲಿ ಪಾಷಾನೇ ಮೇಲೆ ಬಂದು ಇಣುಕಿದ.

"ನಿಮ್ಮ ಪಿಚ್ಚರಿನ್ಯಾಗ ಮಾತಿಲ್ಲದ ಪಾರ್ಟು ಪೂರಾ ನಂದ ನೋಡ್ರಿ. ನನ್ನ ಹೆಸರೂ ಹಾಕಬೇಕು ಮತ್ತ."

ಹಾಕಿದರು.

ಪೂಜೆಯ ದಿನ ಮಾನ್ವಿಯ ಅಂಗಡಿ ತುಂಬ ಜನ. ಸಂಘದ ಹೆಣ್ಣುಮಕ್ಕಳು ಸಿರವಾರದ ಮೇಲೆ ಬಸ್ಸು ಹಿಡಿದು ಬಂದು ಒಂದು ಮೂಲೆಯಲ್ಲಿ ನಿಂತಿದ್ದರು. ರಾಯಚೂರಿನಿಂದ ವಿಶಾಖಾ, ಸಂಜೀವ ಬಂದಿದ್ದರು. ಹಣೆಯ ವಿಭೂತಿಯೂ ಕದಲದಷ್ಟು ಗಂಭೀರವಾಗಿ ಈರಯ್ಯ ಟಿ.ವಿ.ಯ ಎದುರು ಕುರ್ಚಿ ಹಾಕಿಸಿಕೊಂಡು ಕುಳಿತ. ಮಕ್ಕಳು ಆಗಲೇ ಅವನ ಕಾಲಬುಡದಲ್ಲಿದ್ದವು.

ಜರಿಯಂಚು ಕಾಣಿಸಿದ್ದೇ ಈರಯ್ಯನ ಹುಬ್ಬು ಗಂಟಾಯಿತು. ಬಸವಂತಮ್ಮ ಕಿರಣಕುಮಾರನ ಕಡೆ ನೋಡಿದಳು. ಅವನು ನೆಲ ನೋಡಿದ. ಎರಡನೆಯ ರೊಟ್ಟಿಯೂ ಆಯಿತು. ಆಮೇಲೆ ಪಟಪಟ ನಿಂತಿತು. ಅಂಗಡಿಯಲ್ಲಿ ಮಾತು ನಿಂತಿತು. ಹೊರಗೆ ಹಾದುಹೋಗುವ ಆಟೋದ ಸದ್ದು ಕೇಳಿಸಿತು. ಯಾರೋ ಹುಡುಗಿ, "ಟಿ.ವಿ. ಬಂದ್ ಆತೇನ್?" ಎಂದಳು. ಆಗ ಬರೆದ ದುರುಗಮ್ಮ ಮೆಲ್ಲಗೆ ಕಣ್ಣೆತ್ತಿ, ಅಂಗಡಿಯಲ್ಲಿದ್ದ ಒಬ್ಬೊಬ್ಬರನ್ನೂ ನೋಡಿ, ಬಳೆ ಮೇಲಕ್ಕೇರಿಸಿದಳು.

ನಗು ಮೊದಲು ಮಕ್ಕಳಿಂದ ಎದ್ದಿತು, ಆಮೇಲೆ ಹೆಂಗಸರಿಂದ. ಈರಯ್ಯನ ಹೊಟ್ಟೆ ಕುಲುಕಿತು. ನಗುವಿನ ನಡುವೆಯೇ ಎರಡು ಕೈಗಳು ಪರದೆ ತುಂಬ ಬಂದು ರೊಟ್ಟಿ ಬಡಿದವು. ಅವನು ಇನ್ನೊಮ್ಮೆ ಹಾಕಿಸಿ ನೋಡಿದ. ಆಮೇಲೆ ತಿರುಗಿ, "ಈ ಯವ್ವ ಖರೇನ ಅದಾಳೇನ್ರಿ?" ಎಂದು ಕೇಳಿದ. ಉತ್ತರವೆಂಬಂತೆ ಮೂಲೆಯಲ್ಲಿದ್ದ ದುರುಗಮ್ಮ, ತನಗೇ ಗೊತ್ತಿಲ್ಲದೆ, ನಾಚಿಕೆಯಿಂದ ಬಳೆ ಮೇಲಕ್ಕೇರಿಸಿಕೊಂಡಳು. ಅಂಗಡಿ ಎರಡನೆಯ ಸಲ ನಕ್ಕಿತು. ರೊಟ್ಟಿಯ ಪಾಕೀಟುಗಳನ್ನು ಬಾಗಿಲ ಮುಂದಿನ ಸಾಲಿಗೇ ತರಿಸಿ ಇಡಲು ಈರಯ್ಯ ಹೇಳಿದ.

ಹೊರಗೆ ಬಂದಾಗ ಬಸವಂತಮ್ಮ, "ನಿಮ್ಮ ರಾಯಚೂರಿನವ್ರು ಅಡ್ಡಿಯಿಲ್ಲ ಬಿಡು. ಶೇಂಗಾ ಹಿಂಡಿಗೂ ಒಂದು ಪಿಚ್ಚರ್ ಆಗ್ಬೇಕಲ್ಲ, ಅದನ್ನೂ ನೀನ ನೋಡ್ಕೊ" ಎಂದಳು.

ಬಸ್ ನಿಲ್ದಾಣದಲ್ಲಿ ರಾಯಚೂರಿನ ಬಸ್ಸು ತಡವಾಯಿತು. ಸಂಜೀವ ಮಿರ್ಚಿ ಭಜಿ ತರಲು ಹೋದ. ಬೆಂಚಿನ ಮೇಲೆ ವಿಶಾಖಾ ಬೆರಳಿಂದ ತಾಳ ಹಾಕುತ್ತ ಕೇಳಿದಳು: "ಹೈದರಾಬಾದಿನವ್ರನ್ನ ಬಿಟ್ಟು ನಮ್ಮ ಹತ್ರ ಯಾಕ ಬಂದ್ರಿ? ನಿಮಗ ಮೊದ್ಲ ಗೊತ್ತಿತ್ತೇನು ಹಿಂಗ ಆಗ್ತದಂತ?"

"ಹತ್ರ ಇದ್ರಿ, ಅದಕ್ಕ," ಎಂದ ಕಿರಣಕುಮಾರ.

ಅವಳು ನಕ್ಕು ರಸ್ತೆಯ ಕಡೆ ನೋಡಿದಳು. ಅವನ ಚಪ್ಪಲಿಯೊಳಗೆ ಹೆಬ್ಬೆರಳು ಮೆಲ್ಲಗೆ ಎದ್ದು ಕೂರುತ್ತಿತ್ತು.

ಅವರ ಚಿತ್ರದ ಮುದುಕನ ಹೆಬ್ಬೆರಳಲ್ಲಿ ತನ್ನ ಅಪ್ಪನನ್ನು ಕಂಡೇ ತಾನು ಆ ಮೆಟ್ಟಿಲು ಹತ್ತಿದ್ದೆಂದು ಕಿರಣಕುಮಾರ ವಿಶಾಖಾಳಿಗೆ ಎಂದೂ ಹೇಳಲಿಲ್ಲ.