ಅರ್ಧರ್ಧ ಪುಡಿ

"ಬಿಡಿ ಮಾಮ, ನಾನು ಹಾಕ್ತೀನಿ," ಎಂದು ಅಪ್ಪನ ಹೆಣದ ಪಕ್ಕ ಕೂತಿದ್ದ ಮಗಳು ಎರಡು ಸಲ ಹೇಳಿದಳು. ಟೈಲರ್ ಮಾಮ ಕಿವಿಗೇ ಹಾಕಿಕೊಳ್ಳಲಿಲ್ಲ. ಊರಿಗೆಲ್ಲ ಅಂಗಿ ಹೊಲಿದುಕೊಟ್ಟ ಮನುಷ್ಯನಿಗೆ ಸತ್ತ ಗೆಳೆಯನ ಕೊರಳ ಗುಂಡಿ ಹಾಕಲು ಆಗುತ್ತಿರಲಿಲ್ಲ. ಹಾಳು ನಡುಕ, ಇಂಥ ದಿನವಾದರೂ ಸುಮ್ಮನಿರಬಾರದೇ?

ಕೊನೆಗೆ ಸೋತು ಕೈ ಹಿಂದಕ್ಕೆ ತೆಗೆದುಕೊಂಡರು. "ನೋಡಮ್ಮ, ಆ ಪುಡಿ ವಿಷಯ ಈ ವಾರ ಗೊತ್ತಾಗುತ್ತೆ ಅಂದಿದ್ಯಲ್ಲ. ಯಾರದು ಅಸಲಿ? ನಂದಾ, ನಿಮ್ಮಪ್ಪಂದಾ?"

ಅವಳು ಬಗ್ಗಿ ಅಪ್ಪನ ಕೊರಳ ಗುಂಡಿ ಹಾಕತೊಡಗಿದಳು. ಸಾವಿನ ಸುದ್ದಿ ಹೇಳಲು ಬೆಳಗ್ಗೆ ಆಸ್ಪತ್ರೆಗೆ ಫೋನ್ ಮಾಡಿದಾಗ ದೊಡ್ಡ ಡಾಕ್ಟರು ಅದನ್ನೂ ಹೇಳಿದ್ದರು.

*

ಅಪ್ಪನದು ಗಡಿಯಾರ ರಿಪೇರಿ. ಮಾಮನದು ಪಕ್ಕದ ಅಂಗಡಿ. ಇಬ್ಬರಿಗೂ ಕೈ ನಡುಗಿಸುವ ಒಂದೇ ಥರದ ನರದ ಕಾಯಿಲೆ ಗಂಟುಬಿತ್ತು. ನರಕ್ಕೆ ಒಂದೆಲಗ ಒಳ್ಳೆಯದೆಂದು ಅಜ್ಜಿಯರ ಕಾಲದಿಂದ ಹೇಳುತ್ತಾರಲ್ಲ, ಅದು ನಿಜವೇ ಎಂದು ಪರೀಕ್ಷಿಸಲು ಅವಳು ನರ್ಸಾಗಿದ್ದ ಆಸ್ಪತ್ರೆಯವರು ಹೊರಟಿದ್ದರು. ಅರ್ಧ ಜನಕ್ಕೆ ಒಂದೆಲಗದ ಪುಡಿ, ಉಳಿದವರಿಗೆ ಅದೇ ಬಣ್ಣದ ಬರೀ ಹಿಟ್ಟು. ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿಲ್ಲ. ಇಬ್ಬರನ್ನೂ ಅದಕ್ಕೆ ಸೇರಿಸಿದವಳು ಅವಳೇ.

ಒಂದು ದಿನ ಅಂಗಡಿಗೆ ಹೋದರೆ, ಇಬ್ಬರೂ ತಮ್ಮ ಡಬ್ಬಿಗಳನ್ನು ಒಂದೇ ಪೇಪರಿನ ಮೇಲೆ ಸುರಿದು, ಬೆರೆಸಿ, ಪಾಲು ಮಾಡುತ್ತ ಕೂತಿದ್ದಾರೆ.

"ಅಯ್ಯೋ ಅಪ್ಪ, ಏನ್ ಮಾಡ್ತಿದೀರಾ ಇಬ್ರೂ? ಪರೀಕ್ಷೆನೇ ಕೆಟ್ಟೋಗುತ್ತೆ."

"ಕೆಡ್ಲಿ ಬಿಡೆ," ಎಂದ ಅಪ್ಪ. "ಒಬ್ಬನಿಗೆ ಮದ್ದು, ಒಬ್ಬನಿಗೆ ಹಿಟ್ಟು ಅಂದ್ರೆ ಅದ್ಯಾವ ಸೀಮೆ ನ್ಯಾಯ? ಅರ್ಧರ್ಧ ಇರ್ಲಿ."

ಮೇಲಿನವರಿಗೆ ಹೇಳಿದರೆ ಇಬ್ಬರನ್ನೂ ಹೊರಗೆ ಹಾಕುತ್ತಾರೆಂದು ಅವಳು ಬಾಯಿ ಮುಚ್ಚಿಕೊಂಡಳು.

*

ಬೆಳಗ್ಗೆ ಡಾಕ್ಟರು ಹೇಳಿದಂತೆ, ಅಸಲಿ ಇದ್ದದ್ದು ಅಪ್ಪನ ಡಬ್ಬಿಯಲ್ಲಿ. ಅದನ್ನು ತೆಗೆದುಕೊಂಡ ಕೆಲವರಿಗೆ ತಕ್ಕಮಟ್ಟಿಗೆ ಗುಣ ಕಂಡಿತ್ತಂತೆ. ಪೂರ್ತಿ ತಿಂದಿದ್ದರೆ ಅಪ್ಪ ಇನ್ನೊಂದಷ್ಟು ದಿನ ಇರುತ್ತಿದ್ದನೇ? ಯಾರನ್ನು ಕೇಳುವುದು? ಅವಳಿಗೆ ಸಿಟ್ಟು ಉಕ್ಕಿ ಬಂತು. ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ತಿಳಿಯದೆ ಹಾಗೇ ನುಂಗಿಕೊಂಡಳು.

ಮಾಮ ಅವಳ ಮುಖವನ್ನೇ ನೋಡುತ್ತಿದ್ದರು. "ಹೇಳಮ್ಮ. ಅವನ ಪಾಲು ನಾನು ತಿಂದ್ಬಿಟ್ನಾ?"

"ಇಲ್ಲ ಮಾಮ. ನಿಮ್ಮದೇ ಅಸಲಿ. ನೀವೇ ಅಪ್ಪಂಗೆ ಕೊಟ್ಟಿದ್ದು."

ಮಾಮ ಗಳಗಳನೆ ಅತ್ತರು. ಆಮೇಲೆ ಮೂಗು ಒರೆಸಿಕೊಂಡು, ಸೀದಾ ಒಳಗೆ ಹೋಗಿ ಅಮ್ಮನಿಗೆ ಹೇಳಿಯೂಬಿಟ್ಟರು. ತಡೆಯಲೆಂದು ಅವಳು ಹಿಂದೆಯೇ ಬಾಗಿಲವರೆಗೆ ಬಂದಳಷ್ಟೆ.

ಅಮ್ಮ ಮಾಮನ ಕೈಗಳೆರಡನ್ನೂ ಹಿಡಿದು ಕಣ್ಣಿಗೊತ್ತಿಕೊಂಡಳು. "ನಿಮ್ಮ ಬಾಯಿಂದ ತೆಗೆದು ಅವರಿಗೆ ಕೊಟ್ರಲ್ಲಣ್ಣ."

ಮಗಳು ಬಾಗಿಲಲ್ಲೇ ನಿಂತಿದ್ದಳು. ಮಾಮನ ಕೈ ನಡುಗಿದ ಹಾಗೆಲ್ಲ ಅಮ್ಮನ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು.