ಫಿಂಟನ್‌ನ ಸರದಿ

ಸೆವಿಲ್ ನಗರಕ್ಕೆ ಬಂದ ಎರಡನೆಯ ಬೆಳಿಗ್ಗೆ, ಕಿತ್ತಳೆ ಮರದ ಕೆಳಗೆ ಕಾಫಿ ಕುಡಿಯುತ್ತ ನಾದಿನಿ ಡಿಂಪ್ನಾ ಕೇಳಿದಳು, “ಇವತ್ತು ಯಾರ ಸರದಿ, ಅಸಂಪ್ಟಾ?”

ಯಾರ ಸರದಿಯೆಂದು ನನಗೂ ಗೊತ್ತಿತ್ತು.

ನನ್ನ ಗಂಡ ಫಿಂಟನ್ ನಮ್ಮೂರು ಲಿಮರಿಕ್‌ನಲ್ಲಿ ಬಸ್ಸು ಓಡಿಸುತ್ತಿದ್ದವನು. ನಿವೃತ್ತನಾದ ಮೇಲೆ ಪ್ರತಿ ವಸಂತದಲ್ಲಿ ನಾವಿಬ್ಬರೂ ಯಾವುದಾದರೊಂದು ಊರಿಗೆ ನಾಲ್ಕು ದಿನದ ಮಟ್ಟಿಗೆ ಹೋಗಿ ಬರುತ್ತಿದ್ದೆವು. ಇರುವ ಹೊತ್ತು ಚಿಕ್ಕದು, ನೋಡಬೇಕೆನ್ನುವ ಆಸೆ ದೊಡ್ಡದು. ಜಗಳವಾಗದಿರಲೆಂದು ಒಂದು ಕಟ್ಟಳೆ ಮಾಡಿಕೊಂಡಿದ್ದೆವು. ಒಂದು ದಿನ ಒಬ್ಬರು ಆರಿಸಬೇಕು, ಇನ್ನೊಬ್ಬರು ಗೊಣಗದೆ ಜೊತೆಗೆ ಹೋಗಬೇಕು, ನಡುವೆ ಬಿಟ್ಟು ಬರುವಂತಿಲ್ಲ. ನಾನು ಇಗರ್ಜಿಗಳನ್ನು ಆರಿಸುತ್ತಿದ್ದೆ. ಅವನದು ಎಲ್ಲ ಊರಲ್ಲೂ ಒಂದೇ: ಸಿಕ್ಕಿದ ಬಸ್ಸು ಹತ್ತಿ ಅದರ ಕೊನೆಯ ನಿಲ್ದಾಣದವರೆಗೆ ಹೋಗುವುದು. ಅಲ್ಲಿ ನೋಡುವಂಥದ್ದು ಏನೂ ಇರುತ್ತಿರಲಿಲ್ಲ. “ಊರು ತನ್ನ ಕೋಟು ಕಳಚಿ ಕೂರುವ ಜಾಗ ಕಣೇ ಅದು” ಎನ್ನುತ್ತಿದ್ದ.

ಅವನು ತೀರಿಕೊಂಡು ಅಂದಿಗೆ ಒಂದು ವರ್ಷ. ಊರಿನಲ್ಲಿದ್ದರೆ ಇಗರ್ಜಿಯ ವರ್ಷದ ಪೂಜೆಯ ನಂತರ ಇಡೀ ಬೀದಿಗೆ ಚಹಾ ಕೊಟ್ಟು ನಗುಮುಖ ಹೊತ್ತು ನಿಲ್ಲಬೇಕು. ಅದು ನನ್ನಿಂದಾಗದೆಂದು ಇಲ್ಲಿಗೆ ಬಂದಿದ್ದೆ. ಹಿಂದಿನ ದಿನ ನನ್ನ ಸರದಿಯಲ್ಲಿ ಒಂದು ಸಣ್ಣ ಇಗರ್ಜಿಗೆ ಹೋಗಿ ಪಾದ್ರಿಗಳನ್ನು ಕಂಡಿದ್ದೆ. ಮಧ್ಯಾಹ್ನ ಹನ್ನೆರಡರ ಪೂಜೆಯಲ್ಲಿ ಫಿಂಟನ್‌ನ ಹೆಸರು ಹೇಳುವುದಾಗಿ ಅವರು ಒಪ್ಪಿದ್ದರು.

ಆ ಹೆಸರು ಪೀಠದಿಂದ ಕೇಳುವುದು ನನಗೆ ಬೇಕಾಗಿತ್ತು. ಸತ್ತವರ ಹೆಸರು ಬಂದಾಗಲೆಲ್ಲ ನಮ್ಮ ಕಡೆಯವರು “ದೇವರು ಅವನಿಗೆ ಕರುಣೆ ತೋರಲಿ” ಎನ್ನುತ್ತಾರೆ. ಅಂಗಡಿಯಲ್ಲಾದರೂ ಸರಿ, ದಾರಿಯಲ್ಲಾದರೂ ಸರಿ. ಒಂದು ವರ್ಷದಿಂದ ನನ್ನ ಬಾಯಲ್ಲಿ ಮಾತ್ರ ಆ ಮಾತು ಹೊರಟಿರಲಿಲ್ಲ. ಹಾಗೆ ಅಂದುಬಿಟ್ಟರೆ ಅವನು ಸತ್ತನೆಂದು ನಾನೇ ಒಪ್ಪಿದಂತೆ. ಪೀಠದ ಮುಂದೆ ಕುಳಿತರೆ ದೇವರು ನನ್ನ ಬಾಯಿ ಬಿಡಿಸುತ್ತಾನೆ ಎಂದು ನಂಬಿದ್ದೆ.

“ಪೂಜೆಗೆ ಹೋಗೋಣ” ಎಂದೆ.

“ನಿನ್ನೆ ದಿನವಿಡೀ ಮೊಣಕಾಲೂರಿದ್ದೀಯಲ್ಲ ಮಾರಾಯ್ತಿ! ಇವತ್ತು ಅಣ್ಣನ ಸರದಿ. ದೇವರು ಅವನಿಗೆ ಕರುಣೆ ತೋರಲಿ. ಸತ್ತ ಅಂತ ಅವನ ಸರದಿ ನುಂಗಿಬಿಡ್ತೀಯಾ?”

“ಬಾಯಿ ನೋಡು ಇವಳದು.”

“ಬಸ್ಸಲ್ಲಿ ಹೋಗಿ ಹನ್ನೆರಡರೊಳಗೆ ಬಂದರಾಯ್ತು, ಏಳು.”

ಎದುರಿಗೆ ನಿಂತ ಬಸ್ಸನ್ನೇ ಹತ್ತಿದೆವು. ನಾನು ಜಪಮಾಲೆ ತೆಗೆದೆ. ಜಪ ಮುಗಿದ ಮೇಲೂ ನಾನು ನೆರೆಯವರಿಗೊಂದು, ಕಾಯಿಲೆಯವರಿಗೊಂದು ಎಂದು ಪ್ರಾರ್ಥನೆಗಳನ್ನು ಸೇರಿಸುತ್ತ ಹೋದೆ. ಡಿಂಪ್ನಾ ಆಕಳಿಸಿ, “ಆ ಪಕ್ಕದ ಮನೆ ಓಷೇಯವರ ನಾಯಿಗೂ ಒಂದು ಹೇಳಿಬಿಡು, ಅದಕ್ಕೂ ಕಾಲುನೋವು” ಎಂದಳು. ಹೊರಗೆ ಗೋಪುರಗಳು ಮುಗಿದು, ಬಟ್ಟೆ ಒಣಹಾಕಿದ ಬಾಲ್ಕನಿಗಳು ಬಂದವು. ಆಮೇಲೆ ಟೈರಿನ ಅಂಗಡಿಗಳು.

ಕೊನೆಯ ನಿಲ್ದಾಣದಲ್ಲಿ ಒಂದು ಗೋಡೆ, ಒಂದು ಕಾಫಿ ಅಂಗಡಿ, ಖಾಲಿ ಬಯಲು. ಚಾಲಕ ಎಂಜಿನ್ ನಿಲ್ಲಿಸಿ, ಕೈಸನ್ನೆಯಲ್ಲಿ ಇನ್ನು ತನ್ನ ವಿಶ್ರಾಂತಿಯ ಹೊತ್ತೆಂದು ತಿಳಿಸಿ ಅಂಗಡಿಯೊಳಗೆ ಹೋದ. ಅವನಿಗೆ ಕಾದರೆ ಹನ್ನೆರಡಕ್ಕೆ ತಲುಪುವಂತಿರಲಿಲ್ಲ. ಅದನ್ನು ನಾವು ಯೋಚಿಸಿರಲಿಲ್ಲ. ಬಸ್ಸಿನವನ ಹೆಂಡತಿಗೇ ಮರೆತಿತ್ತು!

ಡಿಂಪ್ನಾಳ ಮುಖ ಬಾಡಿತು. “ತಪ್ಪು ನಂದೇ ಕಣೆ. ಅಗೋ, ಟ್ಯಾಕ್ಸಿ ನಿಂತಿದೆ. ಈಗಲೇ ಹೊರಟರೆ ಪೂಜೆ ಸಿಗುತ್ತೆ.”

ನಾನು ಟ್ಯಾಕ್ಸಿಯ ಬಾಗಿಲಿಗೆ ಕೈಹಾಕಿದೆ. ಹಾಕಿ ನಿಂತೆ. ನನ್ನ ಇಗರ್ಜಿಗಳಲ್ಲಿ ಫಿಂಟನ್ ಎಷ್ಟು ಹೊತ್ತು ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ! ಒಂದು ದಿನವೂ ನಡುವೆ ಎದ್ದವನಲ್ಲ.

“ಬೇಡ. ಇವತ್ತು ಅವನ ದಿನ. ಪೂರ್ತಿ ಆಗಲಿ” ಎಂದೆ.

“ಮತ್ತೆ ಹೆಸರು?”

“ಪಾದ್ರಿಗಳು ಹೇಳುತ್ತಾರೆ. ದೇವರಿಗೆ ಕೇಳಿಸುತ್ತದೆ.”

ಹಾಗೆಂದೆನೇ ಹೊರತು ಕಾಫಿ ಅಂಗಡಿಯೊಳಗೆ ಕುಳಿತಾಗ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆ. ಹನ್ನೆರಡು ದಾಟಿತು. ಈಗ ಹೇಳುತ್ತಿರಬಹುದು ಎಂದು ತಲೆ ಬಾಗಿಸಿದೆ. ನನಗೆ ಕೇಳಿದ್ದು ಪಿಂಗಾಣಿಯ ಸದ್ದು ಮಾತ್ರ. ಬಾಯಿ ಕಟ್ಟಿಕೊಂಡೇ ಇತ್ತು.

ಆಗ ಇನ್ನೊಂದು ನೆನಪಾಯಿತು. ನಮ್ಮೂರಲ್ಲಿ ಇಳಿಯುವಾಗ ಚಾಲಕನಿಗೆ ಥ್ಯಾಂಕ್ಸ್ ಹೇಳದೆ ಯಾರೂ ಇಳಿಯುವುದಿಲ್ಲ. ಇಲ್ಲಿ ಎಲ್ಲರೂ ನಡುಬಾಗಿಲಿನಿಂದ ಸುಮ್ಮನೆ ಇಳಿದುಹೋಗುತ್ತಾರೆ. ನಾವೂ ಹಾಗೇ ಇಳಿದಿದ್ದೆವು. ಫಿಂಟನ್ ಇದ್ದಿದ್ದರೆ ಮುಂದಿನ ಬಾಗಿಲವರೆಗೆ ನಡೆದು ಹೋಗಿ ಹೇಳುತ್ತಿದ್ದ. ನಾನು ಎದ್ದು ಚಾಲಕನ ಮೇಜಿಗೆ ಹೋಗಿ ಅವರ ಭಾಷೆಯಲ್ಲಿ “ಗ್ರಾಸಿಯಾಸ್” ಎಂದೆ. ಅವನು ಬೆರಗಾಗಿ ನೋಡಿದ. ನನ್ನ ಉಂಗುರ ತೋರಿಸಿ, ಗಾಳಿಯಲ್ಲಿ ಸ್ಟಿಯರಿಂಗ್ ತಿರುಗಿಸಿ, ಕೈಯನ್ನು ಆಕಾಶದತ್ತ ಎತ್ತಿದೆ.

ಅವನಿಗೆ ಅರ್ಥವಾಯಿತು. ಎದ್ದು ನಿಂತ. ಹೆಸರೇನೆಂದು ಕೇಳಿದ.

“ಫಿಂಟನ್.”

“ಫಿಂತಾನ್” ಎಂದು ತನ್ನ ಉಚ್ಚಾರದಲ್ಲಿ ಹೇಳಿ, ಅಂಗಡಿಯವನಿಗೆ ಕೇಳುವಂತೆ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ. ಅಂಗಡಿಯವನೂ ಲೋಟ ಒರೆಸುತ್ತ ಅದನ್ನೇ ಹೇಳಿದ.

“ದೇವರು ಅವನಿಗೆ ಕರುಣೆ ತೋರಲಿ” ಎಂದೆ.

ಹಿಂದಿನಿಂದ ಡಿಂಪ್ನಾ “ಆಮೆನ್” ಎಂದಳು. ಆಮೇಲೆ ಮೂಗು ಒರೆಸಿಕೊಂಡು, “ನಾಳೆ ನನ್ನ ಸರದಿ. ದೋಣಿ. ಜಪಮಾಲೆ ಹೋಟೆಲಿನಲ್ಲೇ ಇರಬೇಕು, ನೋಡು” ಎಂದಳು.